ಬಿರಡೆಯ ಒಳಗಿನ ಗುಲಾಬಿ ಬಣ್ಣ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ನನ್ನನ್ನು ನೋಡಲು ಬಂದಿದ್ದರು. ನಿಮ್ಮ ಕಾಲದಲ್ಲಿ ವಿಟಮಿನ್ ಪರೀಕ್ಷೆ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಮಾಡುತ್ತಲೇ ಇರಲಿಲ್ಲ ಎಂದೆ. ನಕ್ಕರು, ಕಾಫಿ ಕುಡಿದರು, ಹೋದರು. ಅವರು ಹೋದ ಮೇಲೆ ಆ ಉತ್ತರ ಪೂರ್ತಿ ನಿಜವಲ್ಲ ಅನ್ನಿಸಿತು. ಒಬ್ಬನೇ ಒಬ್ಬ ಮನುಷ್ಯನಿಗೆ, ಎರಡು ಸಲ, ನಾನು ಆ ಪರೀಕ್ಷೆ ಮಾಡಿಸಿದ್ದೆ. ಅದನ್ನು ಹೇಳದೆ ಅವರನ್ನು ಕಳಿಸಬಾರದಿತ್ತು. ನೋಡಿದ್ದನ್ನು ನೋಡಿದೆ ಎಂದು, ಕೇಳಿದ್ದನ್ನು ಕೇಳಿದೆ ಎಂದು, ಮರೆತದ್ದನ್ನು ಮರೆತಿದ್ದೇನೆ ಎಂದು ಇಲ್ಲಿ ಬರೆಯುತ್ತೇನೆ. ಆಸ್ಪತ್ರೆಯ ಹೆಸರು, ಕಚೇರಿಯ ಹೆಸರು ಬರೆಯುವುದಿಲ್ಲ. ತಪ್ಪು ಕಟ್ಟಡದ್ದಲ್ಲ.

ಐವತ್ತರ ದಶಕದ ನಡುವಿನಲ್ಲಿ ನಾನು ಹಾಸನದ ಒಂದು ಆಸ್ಪತ್ರೆಗೆ ಟೆಕ್ನಿಷಿಯನ್ ಆಗಿ ಸೇರಿದೆ. ಲ್ಯಾಬ್ ಎಂದರೆ ಮೊಗಸಾಲೆಯ ಕೊನೆಯಲ್ಲಿ, ಮೊದಲು ಸೌದೆ ಒಟ್ಟುತ್ತಿದ್ದ ಒಂದು ಕೋಣೆ. ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ಒಂದು ಕಲ್ಲಿನ ಕಟ್ಟೆ. ಮೊಗಸಾಲೆಯ ಕಡೆಗೆ ಒಂದು ಸಣ್ಣ ಕಿಟಕಿ. ರೋಗಿಗಳು ಆಚೆ ನಿಂತು ಕೈಯನ್ನು ಒಳಗೆ ಚಾಚುತ್ತಿದ್ದರು. ನಾನು ಬೆರಳು ಒರೆಸಿ, ಚುಚ್ಚಿ, ರಕ್ತ ಎಳೆದು, ಹತ್ತಿ ಒತ್ತಿ ಕೈಯನ್ನು ವಾಪಸ್ ಕಳಿಸುತ್ತಿದ್ದೆ. ಮುಖ ಕಾಣುತ್ತಿರಲಿಲ್ಲ. ಅರಕಲಗೂಡಿನ ಕಡೆಯವರ ಬೆರಳಿನಲ್ಲಿ ಹೊಗೆಸೊಪ್ಪಿನ ಅಂಟು, ಚನ್ನರಾಯಪಟ್ಟಣದ ಕಡೆಯವರ ಉಗುರಿನ ಸಂದಿಯಲ್ಲಿ ತೆಂಗಿನ ನಾರು. ನನಗೆ ಜನ ಗೊತ್ತಿದ್ದದ್ದು ಅಷ್ಟು.

ಒಳಗೆ ಯಾರೂ ಬರುತ್ತಿರಲಿಲ್ಲ. ಮಲ, ಮೂತ್ರ, ಕಫ ಮುಟ್ಟುವವನ ಕೋಣೆ. ಹೊಳೆನರಸೀಪುರದಲ್ಲಿ ಅಣ್ಣನ ಮನೆ ಇತ್ತು. ಹೋದಾಗಲೆಲ್ಲ ಅತ್ತಿಗೆ ಬಾಗಿಲಲ್ಲೇ, "ಮೊದ್ಲು ಬಚ್ಚಲಿಗೆ ಹೋಗಿ ಬನ್ನಿ, ಆಮೇಲೆ ಮಾತು," ಎನ್ನುತ್ತಿದ್ದರು. ಬೈಗುಳವಲ್ಲ, ಆದರೂ ಹೋಗುವುದು ಕಡಿಮೆಯಾಯಿತು. ಹಾಸನದ ಬಾಡಿಗೆ ಕೋಣೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಹೋಟೆಲು, ಮತ್ತೆ ಕೋಣೆ. ಭಾನುವಾರ ಸಂಜೆ ಒಮ್ಮೆ, ಆ ಇಡೀ ದಿನ ನಾನು ಬಾಯಿಬಿಟ್ಟು ಆಡಿದ ಮಾತು 'ಇನ್ನೊಂದು ಸ್ವಲ್ಪ ಸಾರು' ಎಂಬುದಷ್ಟೇ ಎಂದು ಹೊಳೆಯಿತು.

ಆಗ ರಕ್ತದ ಬಲ ನೋಡುವುದು ಕಣ್ಣಳತೆಯ ಕೆಲಸ. ಗಾಜಿನ ನಳಿಕೆಯಲ್ಲಿ ಆಮ್ಲ, ಅದಕ್ಕೆ ಬೆರಳಿನ ರಕ್ತ. ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೋಗುವ ತನಕ ಹನಿಹನಿ ನೀರು ಬೆರೆಸಬೇಕು. ಹೆಚ್ಚು ನೀರು ಹಿಡಿದಷ್ಟೂ ರಕ್ತದ ಬಲ ಹೆಚ್ಚು. ಅರಕಲಗೂಡಿನಲ್ಲಿ ಒಂದು ಕ್ಯಾಂಪು ನಡೆದಾಗ ಹೊಂಗೆ ಮರದ ನೆರಳಲ್ಲಿ ಕೂತು ನಲವತ್ತು ಜನರ ರಕ್ತ ನೋಡಿದೆ. ಎಲ್ಲರದ್ದೂ ಕಡಿಮೆ ಬಂತು. ದೊಡ್ಡ ಡಾಕ್ಟರು, ಅಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ಪಟ್ಟಿ ನೋಡಿ, "ಏನಯ್ಯಾ, ಅರಕಲಗೂಡಿಗೆ ಅರಕಲಗೂಡೇ ರಕ್ತ ಇಲ್ಲದೆ ಓಡಾಡ್ತಾ ಇದೆಯಾ? ಎದ್ದು ಬೆಳಕಿಗೆ ಬಾ," ಎಂದರು. ಬಿಳಿ ಗೋಡೆಯ ಎದುರು ಕೂತು ಮತ್ತೆ ನೋಡಿದೆ. ಎಲೆಗಳ ಹಸಿರು ನೆರಳಲ್ಲಿ ಬಣ್ಣ ತಪ್ಪಾಗಿ ಕಂಡಿತ್ತು, ಅರ್ಧ ಜನರ ರಕ್ತ ಸರಿಯಾಗಿತ್ತು. ಅಂದಿನಿಂದ ನಾನು ಎಚ್ಚರದ ಮನುಷ್ಯನಾದೆ. ಎಚ್ಚರದ ಮನುಷ್ಯ ಎಂದು ನಾಲ್ಕು ಜನ ಹೇಳಿದರು, ನಾನೂ ನಂಬಿದೆ.

ಸಣ್ಣಯ್ಯ ಬಂದದ್ದು ಅದಾದ ಕೆಲವು ವರ್ಷಗಳಿಗೆ, ಅರವತ್ತರ ದಶಕದ ಮೊದಲಲ್ಲಿ. ಕಿಟಕಿಯಲ್ಲಿ ಒಂದು ಕೈ ಬಂತು, ಖಾಕಿ ತೋಳು. ನಡುಬೆರಳು ಚುಚ್ಚಿದೆ. ರಕ್ತ ಎಳೆಯುತ್ತಿರುವಾಗ ಆಚೆಯಿಂದ ದನಿ: "ಚುಚ್ಚಿ ಸಾ, ಯಾಕ್ ಸುಮ್ಕಿದೀರ?"

"ಚುಚ್ಚಿ ಆಯ್ತು."

"ಆಯ್ತಾ! ಬಲೇ ಅಗುರ ಕಣ್ ಸಾ ನಿಮ್ ಕೈ."

ನನಗೆ ಖುಷಿಯಾಯಿತು. ಇದನ್ನು ಬರೆಯಲೇಬೇಕು. ನನ್ನ ಕೈಯನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ.

ಆಮೇಲೆ ಆ ಕೈ ಕಿಟಕಿಯಿಂದ ಕೆಳಕ್ಕೆ ಜಾರಿತು, ಏನೋ ಬಿದ್ದ ಸದ್ದಾಯಿತು. ಓಡಿ ಹೊರಗೆ ಬಂದೆ. ಮೂವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ ನೆಲದ ಮೇಲಿದ್ದ. ಸಾಲಿನಲ್ಲಿದ್ದ ಒಬ್ಬ, "ಬೆಳ್‌ಬೆಳಗ್ಗೆನೇ ಏರುಸ್ಕಂಡ್ ಬಂದವ್ನೆ ಕಣ್ಲಾ," ಎಂದ. ನಾಲ್ಕೈದು ಜನ ನಕ್ಕರು. ಬಿದ್ದವನು ಅಷ್ಟರಲ್ಲಿ ಕಣ್ಣು ಬಿಟ್ಟಿದ್ದ. ಮಲಗಿದ್ದಲ್ಲೇ ನನ್ನ ಕಡೆ ಬಾಯಿ ಅಗಲಿಸಿದ. "ಕುಡ್ದಿಲ್ಲ ಸಾ. ಮೂಸ್ ನೋಡಿ." ಬಹಳ ಸಲ ಮಾಡಿ ಅಭ್ಯಾಸವಾದವನ ಹಾಗೆ ಮಾಡಿದ. ಬಗ್ಗಿ ಮೂಸಿದೆ. ಹೆಂಡದ ವಾಸನೆ ಇರಲಿಲ್ಲ.

ಅವನು ದಂಡಿಗನಹಳ್ಳಿಯ ಕೇರಿಯವನು. ಚನ್ನರಾಯಪಟ್ಟಣದ ಒಂದು ಕಚೇರಿಯಲ್ಲಿ ಏಳು ವರ್ಷದಿಂದ ಹಂಗಾಮಿ ಜವಾನ. ಅವರ ಮನೆತನದಲ್ಲಿ ಸಂಬಳದ ಕೆಲಸ ಹಿಡಿದವರಲ್ಲಿ ಮೊದಲನೆಯವನು. ಆ ವರ್ಷ ಖಾಯಂ ಆಗಬೇಕಿತ್ತು. ಸಾಹೇಬರ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದೇ ಅವನ ಕೆಲಸ. ನಿಂತಲ್ಲೇ ಮೂರು ಸಲ ಬಿದ್ದಿದ್ದ, ಒಂದು ಸಲ ಫೈಲುಗಳ ಸಮೇತ ಸಾಹೇಬರ ಮೇಜಿನ ಮೇಲೆಯೇ. ಸಾಹೇಬರು ಕುಡುಕ ಎಂದು ಬರೆದುಕೊಂಡಿದ್ದರು. ಕಾಯಿಲೆಯಾದರೆ ಹಾಸನದ ಡಾಕ್ಟರ ಕಾಗದ ತಾ, ಇಲ್ಲದಿದ್ದರೆ ಮನೆಗೆ ಹೋಗು ಎಂದಿದ್ದರು.

ದೊಡ್ಡ ಡಾಕ್ಟರು ಅವನನ್ನು ಬೆಂಚಿನ ಮೇಲೆ ಮಲಗಿಸಿ ಬಿ.ಪಿ. ನೋಡಿದರು. ಎಲ್ಲರಿಗೂ ಹಾಗೆಯೇ ನೋಡುತ್ತಿದ್ದದ್ದು. ಸರಿಯಾಗಿತ್ತು. ರಕ್ತ ಮಾತ್ರ ಕಡಿಮೆ. ರಕ್ತ ಹೆಚ್ಚುವ ಮಾತ್ರೆ ಬರೆದರು. ಎರಡು ತಿಂಗಳಲ್ಲಿ ರಕ್ತ ಸರಿಯಾಯಿತು. ಬೀಳುವುದು ಹೆಚ್ಚಾಯಿತು. ನನ್ನ ಕಾಗದದಲ್ಲಿದ್ದ ಅಂಕಿಯನ್ನು ತೋರಿಸಿ ಡಾಕ್ಟರು, "ರಕ್ತ ಸರಿಯಾಯ್ತಲ್ಲಯ್ಯಾ, ಇನ್ನೇನು ಬೇಕು ನಿನಗೆ?" ಎಂದರು.

ಆ ಎರಡು ತಿಂಗಳಲ್ಲಿ ಸಣ್ಣಯ್ಯ ನಾಲ್ಕು ಸಲ ಕಿಟಕಿಗೆ ಬಂದ. ನಾಲ್ಕು ಸಲವೂ ಸೂಜಿ ಅವನಿಗೆ ಗೊತ್ತಾಗಲಿಲ್ಲ. ಮೂರನೆಯ ಸಲಕ್ಕೆ ನನ್ನ ಕೈ ಹಗುರವಲ್ಲ, ಅವನ ಬೆರಳಿಗೆ ಅರಿವಿಲ್ಲ ಎಂದು ನನಗೆ ತಿಳಿದಿತ್ತು. ಬರೆಯಲಿಲ್ಲ. ನನ್ನ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ, ಯಾರೂ ಕೇಳಲಿಲ್ಲ. ಇವೆರಡೂ ನಿಜ. ಎರಡೂ ಸೇರಿದರೂ ಒಂದು ಉತ್ತರವಾಗುವುದಿಲ್ಲ.

ಆ ಸಮಯಕ್ಕೆ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಬಂದ ವಾರದಲ್ಲೇ ಬಾಗಿಲು ತಳ್ಳಿಕೊಂಡು ನನ್ನ ಕೋಣೆಗೆ ಬಂದು, ಮೂತ್ರದ ಶೀಸೆಗಳ ಪಕ್ಕದ ಸ್ಟೂಲಿನ ಮೇಲೆ ಕೂತರು. "ಮೊಗಸಾಲೆಯಲ್ಲಿ ಒಬ್ಬರು ಬೀಳ್ತಾರಲ್ಲ, ಆ ಜವಾನರು. ಅವರ ವಿಷಯ ನಿಮಗೇನಾದ್ರೂ ಗೊತ್ತಾ?" ಎಂದರು. ಬೆರಳಿನ ಸಂಗತಿ ಹೇಳಿದೆ.

ಅವರು ಸಣ್ಣಯ್ಯನನ್ನು ಮಲಗಿಸಿ ಬಿ.ಪಿ. ನೋಡಿದರು. ಆಮೇಲೆ ತೋಳಿನ ಪಟ್ಟಿ ಬಿಚ್ಚದೆ, "ಎದ್ದು ನಿಂತ್ಕೊಳ್ಳಿ," ಎಂದರು. ಬೀಳದಂತೆ ನಾನು ಅವನ ಕಂಕುಳ ಹಿಡಿದಿದ್ದೆ. ನಿಂತ ಮೇಲೆ ಮತ್ತೆ ಮತ್ತೆ ನೋಡಿದರು. ಪ್ರತಿ ಸಲವೂ ಬಿ.ಪಿ. ಮಾಪಕದ ಪಾದರಸ ಇನ್ನಷ್ಟು ಕೆಳಗೆ ಸಿಕ್ಕಿತು. ಎಲ್ಲರ ಎದುರು ಎಂದೂ ನಿಂತೇ ಇರುತ್ತಿದ್ದ ಮನುಷ್ಯನನ್ನು ನಾವು ಮಲಗಿಸಿಯೇ ಪರೀಕ್ಷೆ ಮಾಡಿದ್ದೆವು.

ಡಾಕ್ಟರಮ್ಮ ನನಗೆ ವಿವರಿಸಿದ್ದು ಹೀಗೆ. ನಾವು ಹೇಳದೆಯೇ ಕೆಲಸ ಮಾಡುವ ನರಗಳಿವೆ. ಎದ್ದು ನಿಂತ ಕೂಡಲೇ ರಕ್ತವೆಲ್ಲ ಕಾಲಿಗೆ ಇಳಿಯದಂತೆ ನಾಳಗಳನ್ನು ಬಿಗಿಹಿಡಿಯುವುದು, ಬೆವರು, ಮೂತ್ರ, ಎಲ್ಲ ಅವುಗಳ ಕೆಲಸ. ಇವನಲ್ಲಿ ಅವು ಸೋತಿವೆ. ಬಿ-ಟ್ವೆಲ್ವ್ ಎಂಬ ವಿಟಮಿನ್ ಇಲ್ಲದಿದ್ದರೆ ಹಾಗಾಗುವುದುಂಟು. ಮಾತ್ರೆಯಲ್ಲಿದ್ದದ್ದು ಬೇರೊಂದು ವಿಟಮಿನ್, ಅದರಿಂದ ರಕ್ತ ಸರಿಹೋಯಿತು, ನರ ಸರಿಹೋಗಲಿಲ್ಲ. ರಕ್ತದ ಅಂಕಿ ನೋಡಿ ನಾವು ಸುಮ್ಮನಾದೆವು.

"ಬಾಡು ತಿಂತೀರಾ ಸಣ್ಣಯ್ಯ? ಹಾಲು, ಮೊಟ್ಟೆ?" ಎಂದು ಕೇಳಿದರು.

"ಹಾಲೆಲ್ಲಿ ಬತ್ತದೆ ತಾಯಿ. ಬಾಡು ಕಚೇರಿ ಸೇರ್ದಾಗ್ಲೇ ಬುಟ್ಟೆ. ಬಾಡು ತಿನ್ನಕಿಲ್ಲ ಅಂದ್ರೆ ಸಾಹೇಬ್ರಿಗೆ ನೀರ್ ತಂದ್ಕೊಡೋ ಕೆಲ್ಸ ಕೊಡ್ತಾರೆ ಅಂತ ಯಾರೋ ಯೋಳುದ್ರು." ನಕ್ಕ. "ಬಾಡೂ ಓಯ್ತು, ನೀರೂ ಮುಟ್ಟುಸ್ನಿಲ್ಲ."

ಡಾಕ್ಟರಮ್ಮ ಅದನ್ನು ಬರೆದುಕೊಂಡರು.

ಕೆಂಪು ಬಣ್ಣದ ಬಿ-ಟ್ವೆಲ್ವ್ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಸ್ವಲ್ಪವೇ ಇತ್ತು. ಪುರಾವೆ ಇಲ್ಲದೆ ಕೊಡಬಾರದು ಎಂಬುದು ದೊಡ್ಡ ಡಾಕ್ಟರ ನಿಯಮ. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಈ ವಿಟಮಿನ್ ಅಳೆಯುತ್ತಾರೆ ಎಂದು ಡಾಕ್ಟರಮ್ಮನಿಗೆ ಗೊತ್ತಿತ್ತು, ಬರೆದು ಕೇಳಿದರು. ಅಲ್ಲಿಂದ ಉತ್ತರ ಬಂತು. ಒಂದು ಜಾತಿಯ ಸೂಕ್ಷ್ಮಜೀವಿಗೆ ಈ ವಿಟಮಿನ್ನೇ ಆಹಾರ. ರೋಗಿಯ ರಕ್ತದ ತಿಳಿಯಲ್ಲಿ, ಅಂದರೆ ಸೀರಮ್ಮಿನಲ್ಲಿ, ಅದನ್ನು ಬೆಳೆಸುತ್ತೇವೆ. ಎಷ್ಟು ಬೆಳೆಯುತ್ತದೋ ಅಷ್ಟು ವಿಟಮಿನ್ ಇದೆ ಎಂದು ಲೆಕ್ಕ. ಆದ್ದರಿಂದ ಶೀಸೆಯಲ್ಲಿ ಪೆನ್ಸಿಲಿನ್ ಲೇಶವೂ ಇರಬಾರದು, ಜೀವಿ ಸತ್ತುಹೋಗುತ್ತದೆ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಆಗ ನಮಗೆ ಹೊಸ ಗಾಜಿನ ನಳಿಕೆ ವರ್ಷಕ್ಕೊಮ್ಮೆ ಬರುತ್ತಿತ್ತು. ವಾರ್ಡಿನಲ್ಲಿ ಖಾಲಿಯಾದ ಇಂಜೆಕ್ಷನ್ ಶೀಸೆಗಳನ್ನು ನರ್ಸುಗಳು ಚೀಟಿ ನೆನೆಸಿ ಕಿತ್ತು, ತೊಳೆದು, ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುತ್ತಿದ್ದರು. ರಕ್ತ ಕಳಿಸಬೇಕಾದರೆ ನಾವು ಅದರಿಂದಲೇ ಆರಿಸಿಕೊಳ್ಳುತ್ತಿದ್ದೆವು. ಜಿಲ್ಲೆಯಲ್ಲೆಲ್ಲ ಹಾಗೆಯೇ ಮಾಡುತ್ತಿದ್ದರು.

ನಾನು ಎಚ್ಚರದ ಮನುಷ್ಯನಲ್ಲವೇ. ಡಬ್ಬ ಸುರುವಿ, ಪೆನ್ಸಿಲಿನ್ನಿನ ಅಗಲ ಶೀಸೆಗಳನ್ನೆಲ್ಲ ಗುರುತು ಹಿಡಿದು ಪಕ್ಕಕ್ಕಿಟ್ಟೆ. ಉಳಿದವುಗಳಲ್ಲಿ ಬಿರಡೆ ಅತಿ ಬಿಗಿಯಾಗಿದ್ದ ಒಂದು ಸಣ್ಣ ಶೀಸೆ ತೆಗೆದುಕೊಂಡೆ. ತೊಳೆದು ಕುದಿಸಿದೆ. ರಬ್ಬರ್ ಬಿರಡೆ ಕುದಿಸಿದರೆ ಸಡಿಲವಾಗುತ್ತದೆಂದು ಬಿಸಿನೀರಲ್ಲಿ ಅದ್ದಿ ತೆಗೆದೆ. ಅದರ ಒಳಮೈ ತಿಳಿ ಗುಲಾಬಿ ಬಣ್ಣಕ್ಕಿತ್ತು. ಹಳೆಯ ರಬ್ಬರಿನ ಬಣ್ಣ ಎಂದುಕೊಂಡೆ. ನೋಡಲಿಲ್ಲ ಎಂದು ಬರೆಯುವ ಹಾಗಿಲ್ಲ. ನೋಡಿದೆ.

ಸಣ್ಣಯ್ಯನ ರಕ್ತದ ತಿಳಿಯನ್ನು ಅದರಲ್ಲಿ ತುಂಬಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನಾನೇ ಬೆಂಗಳೂರಿಗೆ ಒಯ್ದೆ. ಮೂರು ವಾರಕ್ಕೆ ಉತ್ತರ ಬಂತು. ವಿಟಮಿನ್ ಧಾರಾಳವಾಗಿದೆ.

"ಬೇಕಾದಷ್ಟಿದೆ ಅಂತ ನೀವು ಕೇಳಿದವರೇ ಬರೆದಿದ್ದಾರಲ್ಲಮ್ಮ," ಎಂದರು ದೊಡ್ಡ ಡಾಕ್ಟರು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. ನಿಂತಾಗ ಪಾದರಸ ಇಳಿದದ್ದನ್ನು ಅವರು ಬರೆದಿಟ್ಟಿದ್ದರು. ಕಾರಣ ಗೊತ್ತಿಲ್ಲದ್ದು ಕಾಯಿಲೆಯಲ್ಲ ಎಂದು ದೊಡ್ಡವರು ಅದನ್ನು ಹೊಡೆದುಹಾಕಿ, ಯಾವ ರೋಗವೂ ಕಂಡುಬಂದಿಲ್ಲ ಎಂದು ಸರ್ಟಿಫಿಕೇಟು ಬರೆದರು. ಕಚೇರಿಯವರು ಸಣ್ಣಯ್ಯನನ್ನು ಮನೆಗೆ ಕಳಿಸಿದರು. ಬೆಂಗಳೂರಿನವರೇ ಹೇಳಿದ ಮೇಲೆ ಅವನು ಕುಡಿಯುತ್ತಿದ್ದದ್ದೇ ಇರಬೇಕು ಎಂದು ನಮ್ಮ ಆಸ್ಪತ್ರೆಯಲ್ಲೂ ಕೆಲವರು ಅಂದರು. ನಾನು ಅವನ ಬಾಯಿ ಮೂಸಿದ್ದವನು. ಆದರೂ ಒಂದೆರಡು ದಿನ ನಾನೂ ಹಾಗೆಯೇ ಯೋಚಿಸಿದೆ.

ಎಂಟು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಏನೋ ಕೇಳಲು ವಾರ್ಡಿಗೆ ಹೋಗಿದ್ದೆ. ನರ್ಸು ಒಬ್ಬ ಬಾಣಂತಿಗೆ ಕೆಂಪು ಇಂಜೆಕ್ಷನ್ ಎಳೆಯುತ್ತಿದ್ದರು. ಶೀಸೆಯನ್ನು ತಲೆಕೆಳಗು ಮಾಡಿ ಹಿಡಿದಿದ್ದರು. ಕೆಂಪು ಔಷಧಿ ಬಿರಡೆಯ ಮೇಲೆ ನಿಂತಿತ್ತು. ಸೂಜಿ ಕಿತ್ತು ಶೀಸೆಯನ್ನು ನೆಟ್ಟಗೆ ಇಟ್ಟರು. ಔಷಧಿ ಇಳಿಯಿತು. ಬಿರಡೆಯ ಒಳಮೈ ತಿಳಿ ಗುಲಾಬಿ ಬಣ್ಣಕ್ಕಿತ್ತು.

ಏನು ಕೇಳಲು ಹೋಗಿದ್ದೆನೋ ಮರೆತಿದ್ದೇನೆ.

ವಿಟಮಿನ್ ಇದೆಯೇ ಎಂದು ನೋಡಬೇಕಾದ ರಕ್ತವನ್ನು ಅದೇ ವಿಟಮಿನ್ನಿನ ಖಾಲಿ ಶೀಸೆಯಲ್ಲಿ ಕಳಿಸಿದ್ದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಈ ವಿಟಮಿನ್ ಸಾಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಬೆಂಗಳೂರಿನ ಆ ಜೀವಿಗೆ ಹಬ್ಬದೂಟ. ಅವರು ಅಳೆದದ್ದು ಸಣ್ಣಯ್ಯನ ರಕ್ತವನ್ನಲ್ಲ, ನನ್ನ ಬಿರಡೆಯನ್ನು.

ಡಾಕ್ಟರಮ್ಮನ ಮುಂದೆ ಹೋಗಿ ಹೇಳಿದೆ. "ಯಾವ ಶೀಸೆ ಅಂತ ನಾನೂ ಕೇಳ್ಬೇಕಿತ್ತು," ಎಂದರು. ಬೈದಿದ್ದರೆ ಚೆನ್ನಾಗಿತ್ತು. "ಹೋಗಿ, ಕರ್ಕೊಂಡು ಬನ್ನಿ."

ದಂಡಿಗನಹಳ್ಳಿಗೆ ನಾನು ಹಿಂದೆ ಹೋದವನಲ್ಲ. ಕೇರಿಯಲ್ಲಿ ಕೇಳಿದೆ, ಮನೆ ತೋರಿಸಿದರು. ಸಣ್ಣಯ್ಯ ಒಳಗೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಅವನ ಹೆಂಡತಿ ದ್ಯಾವಮ್ಮ ಹೊಸಲಿನ ಮೇಲೆ ನಿಂತಳು, ಒಳಗೆ ಕರೆಯಲಿಲ್ಲ. ಬಂದ ಕಾರಣ ಹೇಳಿದೆ. ಮೊದಲಿನ ಪರೀಕ್ಷೆ ತಪ್ಪಾಯಿತು, ಇನ್ನೊಂದು ಸಲ ರಕ್ತ ಕೊಡಬೇಕು ಎಂದೆ.

"ಆವತ್ತು ಐತೆ ಅಂದ್ರಿ, ಇವತ್ತು ಇಲ್ಲ ಅಂತೀರ," ಎಂದಳು ದ್ಯಾವಮ್ಮ. "ನಿಮ್ ಮಿಸಿನ್ನು ಕುಡಿತದಾ ಸಾ?"

"ಮಿಷನ್ ಅಲ್ಲಮ್ಮ, ತಪ್ಪು ನಂದು."

"ನಮ್ ಯಜಮಾನ ಬಿದ್ದುದ್ಕೆ ಕೆಲ್ಸ ಓಯ್ತು. ನಿಮ್ದು ಓಯ್ತಾ?"

ಇಲ್ಲ ಎಂದೆ.

ಒಳಗಿನಿಂದ ಸಣ್ಣಯ್ಯ, "ಸುಮ್ಕಿರಮ್ಮಿ, ದೊಡ್ಡೋರು ಮನೆ ಬಾಗ್ಲಿಗ್ ಬಂದವ್ರೆ," ಎಂದ. ಗೋಡೆ ಹಿಡಿದು ಏಳಲು ಹೋದ. ಎದ್ದ, ಕಣ್ಣು ಮೇಲಕ್ಕೆ ಹೋಯಿತು, ಅವಳು ಓಡಿ ಹಿಡಿದುಕೊಂಡಳು. ಆಗ ಅವನ ಪಾದ ನೋಡಿದೆ. ಒಲೆಯ ಕೆಂಡ ತುಳಿದ ಗಾಯ. ತುಳಿದದ್ದು ಅವನಿಗೆ ಗೊತ್ತಾಗಿರಲಿಲ್ಲ. ಅಲ್ಲಿ ನಿಂತು, ನಾನು ಎಂಟು ತಿಂಗಳು ಏನೇನು ಮಾಡಿದೆ ಎಂದು ನೆನೆಸಿಕೊಂಡೆ. ಕೆಲಸಕ್ಕೆ ಹೋಗಿದ್ದೆ, ಸಾರು ಹಾಕಿಸಿಕೊಂಡಿದ್ದೆ.

ಎರಡನೆಯ ಸಲ ಹೊಸ ನಳಿಕೆಯಲ್ಲಿ ಹೋಯಿತು. ಉತ್ತರ: ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ಮಾರನೆಯ ದಿನವೇ ಕೆಂಪು ಇಂಜೆಕ್ಷನ್ ಶುರುವಾಯಿತು. ಮೊದಲಿನಿಂದಲೂ ಅವನನ್ನು ಕಾಡುತ್ತಿದ್ದ ನಾಲಿಗೆಯ ಉರಿ ಕೆಲವು ವಾರಗಳಲ್ಲಿ ಹೋಯಿತು. ಬೆರಳಿಗೆ ಸೂಜಿ ಸ್ವಲ್ಪ ಗೊತ್ತಾಗತೊಡಗಿತು. ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ನರಗಳಿಗಾದ ಹಳೆಯ ಗಾಯ ಎಷ್ಟು ಮಾಯುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರಮ್ಮ.

ಕೆಲಸದ ಪ್ರಶ್ನೆ ಉಳಿಯಿತು. ಕಚೇರಿಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಒಂದು ಕಾಗದ ಧಾರಾಳ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಯಾವುದನ್ನು ನಂಬುವುದು? ದೊಡ್ಡ ಡಾಕ್ಟರು ನನ್ನನ್ನು ಕರೆದು, "ಬಾಯಲ್ಲಿ ಹೇಳಿ ಬಾ, ಕಾಗದದಲ್ಲಿ ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ," ಎಂದರು. ಅವರು ಕೆಟ್ಟವರಲ್ಲ, ನನಗಾಗಿ ಹೆದರಿದ್ದರು. ನಾನೂ ಹೆದರಿದ್ದೆ. ಒಂಬತ್ತು ದಿನ ತೆಗೆದುಕೊಂಡೆ. ಕೇಳಲು ನನಗೆ ಯಾರೂ ಇರಲಿಲ್ಲ. ಒಂದು ಸಂಜೆ ಹೊಳೆನರಸೀಪುರದ ಬಸ್ಸು ಹತ್ತಲು ಹೋಗಿ ನಿಲ್ದಾಣದಿಂದಲೇ ಹಿಂದಿರುಗಿದೆ. ಹತ್ತನೆಯ ದಿನ ಕಚೇರಿಗೆ ಬರೆದೆ. ಮೊದಲನೆಯ ಪರೀಕ್ಷೆ ತಪ್ಪು, ಶೀಸೆಯನ್ನು ಆರಿಸಿದವನು ನಾನು, ಬಿರಡೆಯ ಬಣ್ಣ ನೋಡಿಯೂ ಅಲಕ್ಷ್ಯ ಮಾಡಿದೆ, ಈ ಮನುಷ್ಯ ಕುಡಿದಿರಲಿಲ್ಲ. ಸಹಿ ಹಾಕಿದೆ. ಅದರಿಂದ ನನಗೇನಾಯಿತು ಎಂಬುದು ಇಲ್ಲಿ ಬೇಡ.

ಸಣ್ಣಯ್ಯನನ್ನು ವಾಪಸ್ ತೆಗೆದುಕೊಂಡರು, ಮತ್ತೆ ಹಂಗಾಮಿಯಾಗಿ. ನಿಲ್ಲಿಸಕೂಡದು, ಕೂರಿಸಿಯೇ ಕೆಲಸ ಮಾಡಿಸಬೇಕು ಎಂದು ಡಾಕ್ಟರಮ್ಮ ಸಾಹೇಬರಿಗೆ ಬರೆದಿದ್ದರು.

ನಾಲ್ಕು ತಿಂಗಳ ಮೇಲೆ ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ನೋಡಲು ಹೋದೆ. ಸಾಹೇಬರ ಬಾಗಿಲ ಪಕ್ಕ ಸಣ್ಣಯ್ಯ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಕಂದಾಯದ ಕೆಲಸಕ್ಕೆ ಬಂದ ಐದಾರು ಜನ ನಿಂತಿದ್ದರು. ರುಮಾಲಿನ ಗೌಡರೊಬ್ಬರು ಪಕ್ಕದವರಿಗೆ, ಅವನಿಗೂ ಕೇಳುವ ಹಾಗೆ, "ಕಾಲ ಬಂದದೆ ಕಣಯ್ಯ. ನಾವ್ ನಿಂತಿರಬೇಕು, ಇವ್ನು ಕೂತಿರಬೇಕು," ಎಂದರು. ಸಣ್ಣಯ್ಯ ನೆಲ ನೋಡುತ್ತಾ, "ಡಾಕ್ಟರ್ ಆರ್ಡ್ರು ಬುದ್ದಿ," ಎಂದ. ದಿನಕ್ಕೆ ಎಷ್ಟು ಸಲ ಹಾಗೆ ಹೇಳಬೇಕಾಗುತ್ತಿತ್ತೋ.

ನನ್ನನ್ನು ಕಂಡು ಸ್ಟೂಲಿನಿಂದ ಏಳಲು ಹೋದ. ಭುಜದ ಮೇಲೆ ಕೈಯಿಟ್ಟೆ. "ಕೂತ್ಕೊಳಪ್ಪ ಸಣ್ಣಯ್ಯ, ಏಳ್ಬೇಡ."

"ಬುಡಿ ಸಾ. ನೀವ್ ನೋಡ್ಬೇಕು."

ನನ್ನ ಕೈ ಸರಿಸಿ ಎದ್ದ. ಬಾಗಿಲ ಚೌಕಟ್ಟು ಹಿಡಿಯಲಿಲ್ಲ. ಎರಡು ಕೈಯನ್ನೂ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತ. ಗೌಡರು ತಿರುಗಿ ನೋಡಿದರು. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸತೊಡಗಿದೆ. ಮೂವತ್ತಕ್ಕೆ ಅವನ ತುಟಿ ಬಿಳಿಚಿತು. ಐವತ್ತಕ್ಕೆ ಮಂಡಿ ನಡುಗಿತು. ಅರವತ್ತೆರಡಕ್ಕೆ ಕೂತ, ಬೀಳಲಿಲ್ಲ, ತಾನಾಗಿಯೇ ಕೂತ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು ನನ್ನ ಕಡೆ ತಿರುಗಿದ.

"ಇಷ್ಟೇ ಕಣ್ ಸಾ ವಾಪಸ್ ಬಂದಿರೋದು," ಎಂದ.